ಗುಳಿಗೆಯ ಕೆಲಸವನ್ನು ಹರಕೆಯ ಲೆಕ್ಕಕ್ಕೆ ಬರೆಯಬೇಡಿ

ನಮ್ಮಲ್ಲಿ ಒಂದು ಮಾತು ಎಷ್ಟು ಆಳಕ್ಕೆ ಬೇರುಬಿಟ್ಟಿದೆಯೆಂದರೆ, ಅದನ್ನು ಪ್ರಶ್ನಿಸಿದವರನ್ನು ಜನ ಕಲ್ಲೆದೆಯವರೆಂದೇ ತಿಳಿಯುತ್ತಾರೆ. ಮಕ್ಕಳು ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಮನೆಯಲ್ಲಿ ತಂದೆಗೋ ತಾಯಿಗೋ ದೊಡ್ಡ ಕಾಯಿಲೆ ಬರುತ್ತದೆ. ಆಸ್ಪತ್ರೆ, ಓಡಾಟ, ಸಾಲ ಎಲ್ಲ ಆಗುತ್ತದೆ. ಕಾಯಿಲೆಯವರು ಚೇತರಿಸಿಕೊಂಡು ಎದ್ದು ಓಡಾಡತೊಡಗುತ್ತಾರೆ. ಆಗ ಎಲ್ಲರ ಬಾಯಲ್ಲೂ ಒಂದೇ ವಿವರಣೆ: ಮನೆಯವರ ಪ್ರೀತಿ ಉಳಿಸಿತು, ಗೆಳೆಯರ ಆಸರೆ ಉಳಿಸಿತು, ದೇವರು ಕಣ್ಣುಬಿಟ್ಟ, ಅವನ ಛಲ ದೊಡ್ಡದು. ಪತ್ರಿಕೆಯ ಪುರವಣಿಗಳಲ್ಲಿ, ಸನ್ಮಾನದ ಭಾಷಣಗಳಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಇದೇ ಮಾತು. ಅದು ತಪ್ಪು. ತಪ್ಪಾಗಿದ್ದು ನಿರುಪದ್ರವಿಯಾಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ಅದು ಜೀವ ತೆಗೆಯುತ್ತದೆ, ಸತ್ತವರ ಮೇಲೆ ಅಪವಾದ ಹೊರಿಸುತ್ತದೆ, ಹೊಣೆ ಹೊರಬೇಕಾದವರನ್ನು ಪಾರುಮಾಡುತ್ತದೆ.

ಹೈದರಾಬಾದಿನ ಸನತ್‌ನಗರವನ್ನೇ ಮುಂದಿಟ್ಟುಕೊಂಡು ಮಾತಾಡುತ್ತೇನೆ. ಮಿಯಾಪುರದ ಕಡೆಯಿಂದ ಮೆಟ್ರೋದಲ್ಲಿ ಬಂದರೆ ಎರ್ರಗಡ್ಡ ದಾಟಿದ ಕೂಡಲೇ ಸಿಗುವ ನಿಲ್ದಾಣದ ಹೆಸರೇ ‘ಇಎಸ್‌ಐ ಹಾಸ್ಪಿಟಲ್’. ಇಎಸ್‌ಐ ಎಂದರೆ ನೌಕರರ ರಾಜ್ಯ ವಿಮೆ. ಸನತ್‌ನಗರ, ಬಾಲಾನಗರ, ಜೀಡಿಮೆಟ್ಲದ ಕಾರ್ಖಾನೆಗಳ ಕೆಲಸಗಾರರಿಗೆ ಕಾಯಿಲೆ ಎಂದರೆ ಈ ಆಸ್ಪತ್ರೆ. 2016ರಿಂದ ಇಲ್ಲಿ ವೈದ್ಯಕೀಯ ಕಾಲೇಜೂ ಇದೆ. ಇಲ್ಲಿಯ ಸಾಲುಗಳಲ್ಲಿ ತೆಲುಗು, ಉರ್ದು, ಹಿಂದಿಯ ನಡುವೆ ನಮ್ಮ ಬೀದರ್, ಕಲಬುರಗಿ, ಯಾದಗಿರಿ ಕಡೆಯ ಕನ್ನಡವೂ ಕಿವಿಗೆ ಬೀಳುತ್ತದೆ. 1956ರ ನವೆಂಬರ್ 1ರವರೆಗೆ ಆ ಸೀಮೆಗೆ ಹೈದರಾಬಾದೇ ರಾಜಧಾನಿ. ಗಡಿ ಬದಲಾದರೂ ದುಡಿಮೆಗೂ ಔಷಧಕ್ಕೂ ಹೈದರಾಬಾದಿಗೆ ಹೋಗುವುದು ನಿಂತಿಲ್ಲ.

ಈಗ ಒಂದು ಕಾಯಿಲೆಯನ್ನು ಹತ್ತಿರದಿಂದ ನೋಡೋಣ. ದೀರ್ಘಕಾಲೀನ ಮೈಲಾಯ್ಡ್ ಲ್ಯುಕೇಮಿಯಾ, ವೈದ್ಯರ ಬಾಯಲ್ಲಿ ಸಿಎಂಎಲ್. ರಕ್ತದ ಕ್ಯಾನ್ಸರ್‌ಗಳಲ್ಲಿ ಒಂದು. ಪಶ್ಚಿಮದ ದೇಶಗಳಲ್ಲಿ ಇದು ಹೆಚ್ಚಾಗಿ ಅರವತ್ತರ ಆಸುಪಾಸಿನವರಿಗೆ ಬರುತ್ತದೆ. ನಮ್ಮಲ್ಲಿ ನಲವತ್ತರ ಆಸುಪಾಸಿನಲ್ಲೇ, ಎಷ್ಟೋ ಸಲ ಅದಕ್ಕೂ ಮೊದಲೇ ಕಾಣಿಸಿಕೊಳ್ಳುತ್ತದೆ. ಅಂದರೆ ಎಳೆಯ ಮಕ್ಕಳ ತಂದೆತಾಯಿಯರ ವಯಸ್ಸಿನಲ್ಲಿ. ಬರುವಾಗ ಸದ್ದಿಲ್ಲದೆ ಬರುತ್ತದೆ. ಸುಸ್ತು ಎಂದರೆ ರಾತ್ರಿ ಪಾಳಿಯ ಆಯಾಸ ಎಂದುಕೊಳ್ಳುತ್ತಾರೆ. ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾದರೆ ಗ್ಯಾಸ್ ಎಂದುಕೊಳ್ಳುತ್ತಾರೆ. ನಿಜದಲ್ಲಿ ಗುಲ್ಮ ಊದಿಕೊಂಡು ಜಠರವನ್ನು ಒತ್ತುತ್ತಿರುತ್ತದೆ. ಕೊನೆಗೆ ಯಾರೋ ರಕ್ತ ಪರೀಕ್ಷೆ ಬರೆದುಕೊಡುತ್ತಾರೆ. ನಾಲ್ಕರಿಂದ ಹನ್ನೊಂದು ಸಾವಿರದೊಳಗೆ ಇರಬೇಕಾದ ಬಿಳಿ ರಕ್ತಕಣ ಲಕ್ಷ ದಾಟಿರುತ್ತದೆ.

ಈ ಕಾಯಿಲೆ ಬಂದ ಹೆಚ್ಚಿನವರು ಒಂದು ಕಾಲಕ್ಕೆ ಮೂರು, ನಾಲ್ಕು, ಹೆಚ್ಚೆಂದರೆ ಐದಾರು ವರ್ಷ ಬದುಕುತ್ತಿದ್ದರು. ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡ ಕೆಲವರಿಗಷ್ಟೇ ಬೇರೆ ದಾರಿ ಇತ್ತು. ಆ ಕಾಲದ ರೋಗಿಗಳಿಗೆ ಹೆಂಡತಿ, ತಾಯಿ, ಅಣ್ಣತಮ್ಮಂದಿರು ಇರಲಿಲ್ಲವೇ? ಅವರ ಮನೆಯಲ್ಲಿ ದೀಪ ಹಚ್ಚುವವರು ಇರಲಿಲ್ಲವೇ? ಎಪ್ಪತ್ತರ ದಶಕದ ತಾಯಿ ಮಗನಿಗಾಗಿ ಉರುಳುಸೇವೆ ಮಾಡಿದಾಗ ಅವಳ ಭಕ್ತಿ ಇಂದಿನ ತಾಯಿಯ ಭಕ್ತಿಗಿಂತ ಒಂದು ಗುಂಜಿಯಾದರೂ ಕಡಿಮೆ ಇತ್ತೇ? ಆ ಮಗ ಸತ್ತ. ಇಂದಿನ ಮಗ ಬದುಕಿದ್ದಾನೆ. ನಡುವೆ ಬದಲಾದದ್ದು ಪ್ರೀತಿಯೂ ಅಲ್ಲ, ಪ್ರಾರ್ಥನೆಯೂ ಅಲ್ಲ. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಈ ರೋಗಿಗಳ ಜೀವಕೋಶಗಳಲ್ಲಿ ತೀರ ಮೊಟಕಾದ ಒಂದು ಕ್ರೋಮೋಸೋಮನ್ನು ಕಂಡರು. 1973ರಲ್ಲಿ ಜಾನೆಟ್ ರೌಲಿ, ಅದು ಎರಡು ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾದದ್ದರ ಫಲ ಎಂದು ತೋರಿಸಿದರು. ಆ ಅದಲುಬದಲಿನಿಂದ ಹುಟ್ಟುವ ಕೆಟ್ಟ ಪ್ರೋಟೀನನ್ನೇ ತಡೆಯುವ ಔಷಧ ಇಮ್ಯಾಟಿನಿಬ್. 1998ರಲ್ಲಿ ಬ್ರಯಾನ್ ಡ್ರೂಕರ್ ಮತ್ತು ಸಂಗಡಿಗರು ಅದನ್ನು ರೋಗಿಗಳಿಗೆ ಕೊಟ್ಟು ನೋಡಲು ಆರಂಭಿಸಿದರು. ಬೇರೆ ಔಷಧಕ್ಕೆ ಬಗ್ಗದಿದ್ದವರಲ್ಲಿ, ಸಾಕಷ್ಟು ಪ್ರಮಾಣದಲ್ಲಿ ಇದನ್ನು ಪಡೆದ 54 ಮಂದಿಯ ಪೈಕಿ 53 ಮಂದಿಯ ರಕ್ತಕಣಗಳ ಎಣಿಕೆ ಸರಿಹೋಯಿತು. 2001ರಲ್ಲಿ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಹತ್ತು ವರ್ಷಕ್ಕೂ ಮೀರಿ ನಡೆದ ಅಧ್ಯಯನವೊಂದರಲ್ಲಿ ಇಮ್ಯಾಟಿನಿಬ್ ಆರಂಭಿಸಿದವರ ಪೈಕಿ ನೂರಕ್ಕೆ 83 ಮಂದಿ ಹತ್ತು ವರ್ಷದ ನಂತರವೂ ಬದುಕಿದ್ದರು. ದಿನಕ್ಕೊಂದು ಸಲ, ಊಟದ ಜೊತೆ, ದೊಡ್ಡ ಲೋಟ ನೀರಿನೊಂದಿಗೆ ನುಂಗುವ ಗುಳಿಗೆ ಇದು.

ಆ ಗುಳಿಗೆ ಬಡವನ ಕೈಗೆ ಬಂದದ್ದು ಹೇಗೆ ಎಂಬುದನ್ನೂ ಯಾರೂ ಹೇಳುವುದಿಲ್ಲ. ನೊವಾರ್ಟಿಸ್ ಕಂಪನಿ ‘ಗ್ಲಿವೆಕ್’ ಹೆಸರಿನಲ್ಲಿ ಮಾರುತ್ತಿದ್ದ ಈ ಗುಳಿಗೆಗೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಬೆಲೆ ಇತ್ತು. ಭಾರತೀಯ ಕಂಪನಿಗಳು ಅದೇ ಔಷಧವನ್ನು ಎಂಟು ಹತ್ತು ಸಾವಿರಕ್ಕೆ ಕೊಡುತ್ತಿದ್ದವು. ನೊವಾರ್ಟಿಸ್ ಪೇಟೆಂಟ್ ಕೇಳಿತು. ಅದನ್ನು ವಿರೋಧಿಸಿ ಅರ್ಜಿ ಹಾಕಿದವರಲ್ಲಿ ಮುಂಬೈನ ಕ್ಯಾನ್ಸರ್ ಪೇಷಂಟ್ಸ್ ಏಡ್ ಅಸೋಸಿಯೇಷನ್ ಜೊತೆಗೆ ಹೈದರಾಬಾದಿನ ಎರಡು ಕಂಪನಿಗಳಿದ್ದವು: ನ್ಯಾಟ್ಕೋ ಮತ್ತು ಹೆಟೆರೊ. ಹೆಟೆರೊ ಕಂಪನಿಯ ಕಚೇರಿ ಇದ್ದದ್ದು ಇದೇ ಸನತ್‌ನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ. 2006ರಲ್ಲಿ ಚೆನ್ನೈನ ಪೇಟೆಂಟ್ ಕಚೇರಿ ನೊವಾರ್ಟಿಸ್‌ನ ಅರ್ಜಿಯನ್ನು ತಳ್ಳಿಹಾಕಿತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಅಫ್ತಾಬ್ ಆಲಂ ಮತ್ತು ರಂಜನಾ ಪ್ರಕಾಶ್ ದೇಸಾಯಿ, ಪೇಟೆಂಟ್ ಕಾಯ್ದೆಯ 3(ಡಿ) ಕಲಮಿನ ಪ್ರಕಾರ ಇದಕ್ಕೆ ಪೇಟೆಂಟ್ ಸಲ್ಲದು ಎಂದು ತೀರ್ಪು ಕೊಟ್ಟರು. ನೊವಾರ್ಟಿಸ್ ಅನೇಕ ರೋಗಿಗಳಿಗೆ ಉಚಿತವಾಗಿ ಔಷಧ ಕೊಟ್ಟದ್ದೂ ನಿಜ, ಅದನ್ನು ಮರೆಮಾಚಬೇಕಿಲ್ಲ. ಆದರೆ ದಾನಿಯ ಮನಸ್ಸು ಬದಲಾದರೆ ನಿಂತುಹೋಗುವ ದಾನಕ್ಕೂ, ಅಂಗಡಿಯಲ್ಲಿ ಕೈಗೆಟಕುವ ಬೆಲೆಗೂ ಬಹಳ ಅಂತರವಿದೆ. ಇಂದು ಬೀದರ್ ಕಡೆಯ ಒಬ್ಬ ಫಿಟ್ಟರ್ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆಗೆ ಹೋಗುತ್ತಿದ್ದರೆ, ಅದರ ಹಿಂದೆ ಈ ವಿಜ್ಞಾನವೂ ಈ ಕಾನೂನೂ ಇವೆ. ಇವನ್ನೆಲ್ಲ ಬಿಟ್ಟು ‘ಅವನ ಛಲ’ ಎಂದು ಬರೆಯುವ ಪತ್ರಕರ್ತ ಓದುಗರಿಗೆ ಅರ್ಧ ಸತ್ಯವನ್ನೂ ಕೊಟ್ಟಿಲ್ಲ.

ಇನ್ನು ಜೀವ ತೆಗೆಯುತ್ತದೆ ಎಂದೆನಲ್ಲ, ಆ ವಿಷಯ. ಸನತ್‌ನಗರದಿಂದ ಬಲ್ಕಂಪೇಟೆಯ ಯಲ್ಲಮ್ಮನ ಗುಡಿ ಹತ್ತಿರ. ನೆಲದ ಮಟ್ಟಕ್ಕಿಂತ ಕೆಳಗೆ, ಬಾವಿಯಲ್ಲಿ ನೆಲೆನಿಂತ ದೇವಿ. ಅಲ್ಲಿಯ ನೀರನ್ನು ಭಕ್ತರು ತೀರ್ಥವೆಂದು ಒಯ್ಯುತ್ತಾರೆ. ಸವದತ್ತಿಯ ಯಲ್ಲಮ್ಮನಿಗೆ ನಡೆದುಕೊಳ್ಳುವ ನಮ್ಮ ಕಡೆಯ ಹೆಂಗಸರಿಗೆ ಅವಳು ಪರಕೀಯಳಲ್ಲ. ಗಂಡ ಆಸ್ಪತ್ರೆಯಲ್ಲಿರುವಾಗ ಹೆಂಡತಿ ಅಲ್ಲಿಗೆ ಹೋಗಿ ಹರಕೆ ಹೊರುತ್ತಾಳೆ. ಅದರಲ್ಲಿ ನನಗೆ ಯಾವ ತಕರಾರೂ ಇಲ್ಲ. ತಕರಾರು ಮುಂದಿನದ್ದಕ್ಕೆ. ಇಮ್ಯಾಟಿನಿಬ್ ಆರಂಭಿಸಿದ ಕೆಲವು ವಾರಗಳಲ್ಲಿ, ಸಾಮಾನ್ಯವಾಗಿ ಮೂರು ತಿಂಗಳೊಳಗೆ, ರಕ್ತಕಣಗಳ ಎಣಿಕೆ ಸರಿಯಾಗುತ್ತದೆ. ಊದಿದ ಗುಲ್ಮ ಇಳಿಯುತ್ತದೆ, ಹಸಿವು ಮರಳುತ್ತದೆ, ಮುಖಕ್ಕೆ ಕಳೆ ಬರುತ್ತದೆ. ಹರಕೆಯ ಅವಧಿಯೂ ಹೆಚ್ಚುಕಡಿಮೆ ಅಷ್ಟೇ. ಮನೆಮಂದಿಯೆಲ್ಲ ಸೇರಿ ಹರಕೆ ತೀರಿಸುತ್ತಾರೆ. ಊರಿನಿಂದ ಬಂದ ಹಿರಿಯರು ಹೇಳುತ್ತಾರೆ: ‘ತಾಯಿ ಕೈ ಬಿಡಲಿಲ್ಲ. ಇನ್ನ ಗುಳಿಗಿ ಯಾಕ? ಭಾಳ ಉಷ್ಣ ಅದಾವು.’ ಬೆಳಿಗ್ಗೆ ಎದ್ದಾಗ ಅವನ ಕಣ್ಣಿನ ಸುತ್ತ ಊದಿಕೊಂಡಿರುವುದನ್ನು, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದನ್ನು ಅವರು ಕಂಡಿರುತ್ತಾರೆ. ಎರಡೂ ಈ ಔಷಧದ ಸಾಮಾನ್ಯ ಅಡ್ಡಪರಿಣಾಮಗಳು. ಕಾಯಿಲೆ ದೇವಿಯಿಂದ ಹೋಯಿತು, ತೊಂದರೆ ಗುಳಿಗೆಯಿಂದ ಬಂತು ಎಂದು ಲೆಕ್ಕ ಹಾಕುವವರಿಗೆ ಗುಳಿಗೆ ನಿಲ್ಲಿಸುವುದೇ ಜಾಣತನವಾಗಿ ತೋರುತ್ತದೆ.

ಎಣಿಕೆ ಸರಿಯಾಯಿತೆಂದರೆ ಕಾಯಿಲೆ ಹೋಯಿತೆಂದಲ್ಲ. ಆ ಅದಲುಬದಲಾದ ಕ್ರೋಮೋಸೋಮ್ ಇರುವ ಕೋಶಗಳು ಮಜ್ಜೆಯಲ್ಲಿ ಉಳಿದೇ ಇರುತ್ತವೆ. ಅವು ಎಷ್ಟು ಉಳಿದಿವೆ ಎಂದು ತಿಳಿಯಲು ಬೇರೆಯೇ ಪರೀಕ್ಷೆ ಬೇಕು, ಅದನ್ನು ಆರಂಭದಲ್ಲಿ ಮೂರು ತಿಂಗಳಿಗೊಮ್ಮೆ ಮಾಡಿಸಬೇಕು. 2010ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನವೊಂದು ಈ ವಿಷಯದಲ್ಲಿ ಕಣ್ಣು ತೆರೆಸುವಂಥದ್ದು. ಅಲ್ಲಿ 87 ರೋಗಿಗಳ ಔಷಧದ ಬಾಟಲಿ ಮುಚ್ಚಳದೊಳಗೆ, ಅದು ತೆರೆದಾಗಲೆಲ್ಲ ಗುರುತು ಹಾಕುವ ಸಣ್ಣ ಉಪಕರಣ ಇಟ್ಟಿದ್ದರು. ನೂರಕ್ಕೆ ತೊಂಬತ್ತರಷ್ಟು ಅಥವಾ ಅದಕ್ಕಿಂತ ಕಡಿಮೆ ನುಂಗಿದವರಲ್ಲಿ ಔಷಧ ಚೆನ್ನಾಗಿ ನಾಟುವ ಸಾಧ್ಯತೆ ತೀರ ಕುಗ್ಗಿತು. ನೂರಕ್ಕೆ ತೊಂಬತ್ತು ಎಂದರೆ ತಿಂಗಳಿಗೆ ಮೂರು ದಿನ ತಪ್ಪಿಸಿದಂತೆ, ಅಷ್ಟೇ. ಎಷ್ಟೋ ವರ್ಷ ಆಳವಾದ ಫಲಿತಾಂಶ ಉಳಿಸಿಕೊಂಡ ಕೆಲವರು ವೈದ್ಯರ ಕಣ್ಗಾವಲಿನಲ್ಲಿ, ಮತ್ತೆ ಮತ್ತೆ ಪರೀಕ್ಷೆ ಮಾಡಿಸುತ್ತಾ ಔಷಧ ನಿಲ್ಲಿಸಿ ನೋಡುವುದುಂಟು. ಅದು ವೈದ್ಯರು ತೀರ್ಮಾನಿಸುವ ಮಾತು. ಹರಕೆ ತೀರಿದ ದಿನ ನಿಲ್ಲಿಸಿದವರಲ್ಲಿ ಕಾಯಿಲೆ ಮರಳುತ್ತದೆ, ಕೆಲವೊಮ್ಮೆ ಯಾವ ಗುಳಿಗೆಗೂ ಬಗ್ಗದ ಉಗ್ರರೂಪದಲ್ಲಿ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ‘ಮನೆಯವರ ಪ್ರೀತಿ’ ಎಂಬ ಮಾತು ಇನ್ನೂ ಕ್ರೂರ. ಈ ಗುಳಿಗೆ ನುಂಗುತ್ತಿರುವಾಗ ಗರ್ಭ ಧರಿಸಬಾರದು, ಹುಟ್ಟುವ ಮಗುವಿಗೆ ಅಪಾಯವಿದೆ. ಒಂದು ಹೆಣ್ಣುಮಗುವಿನ ತಾಯಿಗೆ ಈ ಕಾಯಿಲೆ ಬಂತೆನ್ನಿ. ಎರಡು ವರ್ಷ ಚೆನ್ನಾಗಿದ್ದಾಳೆ. ‘ಈಗ ಆರಾಮ ಆಗಿದ್ದಾಳಲ್ಲ, ಒಂದು ಗಂಡು ಆಗಲಿ’ ಎಂಬ ಒತ್ತಾಯ ಶುರುವಾಗುತ್ತದೆ. ವೈದ್ಯರನ್ನು ಕೇಳದೆ ಗುಳಿಗೆ ನಿಲ್ಲುತ್ತದೆ. ಕಾಯಿಲೆ ತಿಳಿದ ದಿನವೇ ‘ನಿಮ್ಮ ಮಗಳನ್ನು ಕರೆದುಕೊಂಡು ಹೋಗಿ’ ಎಂದು ತವರಿಗೆ ಅಟ್ಟುವ ಮನೆಗಳೂ ಇವೆ. ಕುಟುಂಬ ಎಂದರೆ ಎಲ್ಲರಿಗೂ ಆಸರೆಯೇ ಎಂದುಕೊಂಡು ಬರೆಯುವವರು ಈ ಹೆಂಗಸರ ಕಡೆ ನೋಡಿಲ್ಲ. ಕುಟುಂಬದ ಪ್ರೀತಿಯೇ ಮದ್ದಾಗಿದ್ದರೆ ಇವರಿಗೆ ಮದ್ದೇ ಇಲ್ಲ ಎಂದಾಗುತ್ತದೆ.

ಸತ್ತವರ ಮೇಲಿನ ಅಪವಾದವೂ ಇದೇ ಬೇರಿನಿಂದ ಹುಟ್ಟುತ್ತದೆ. ಛಲದಿಂದ ಒಬ್ಬ ಬದುಕಿದ ಎಂದ ಮೇಲೆ ಸತ್ತವನಿಗೆ ಛಲ ಸಾಲದಾಯಿತು ಎಂದೇ ಅರ್ಥ. ಭಕ್ತಿಯಿಂದ ಒಂದು ಮನೆ ಉಳಿಯಿತು ಎಂದ ಮೇಲೆ ಉಳಿಯದ ಮನೆಯವರು ಏನೋ ತಪ್ಪು ಮಾಡಿದ್ದಾರೆ. ತಿಥಿಗೆ ಬಂದವರೇ ಪಿಸುಗುಟ್ಟುತ್ತಾರೆ: ಹರಕೆ ಮರೆತಿದ್ದರಂತೆ, ಅವನೇ ಧೈರ್ಯ ಕಳೆದುಕೊಂಡನಂತೆ, ಸೊಸೆಯ ಕಾಲ್ಗುಣ ಸರಿಯಿಲ್ಲವಂತೆ. ಮೂವತ್ತು ದಾಟದ ವಿಧವೆಯೊಬ್ಬಳು ಎರಡು ಮಕ್ಕಳನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ರಾತ್ರಿಯಿಡೀ ‘ನಾನು ಯಾವ ಪೂಜೆ ಬಿಟ್ಟೆ’ ಎಂದು ಯೋಚಿಸುವಂತೆ ಮಾಡಿದವರು ಯಾರು? ‘ಪ್ರಾರ್ಥನೆಯಿಂದ ಉಳಿದ’ ಎಂದು ಕೊಂಡಾಡಿದ ನಾವೇ.

‘ಮನೋಬಲ ಇದ್ದರೆ ಅರ್ಧ ಕಾಯಿಲೆ ಹೋದಂತೆ ಅಲ್ಲವೇ?’ ಎಂದು ಓದಿದವರೂ ಕೇಳುತ್ತಾರೆ. ಇದನ್ನು ಪರೀಕ್ಷಿಸಿ ನೋಡಿದ್ದಾರೆ. 2007ರಲ್ಲಿ ಜೇಮ್ಸ್ ಕಾಯ್ನ್ ಮತ್ತು ಸಂಗಡಿಗರು ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಇದ್ದ 1,093 ಮಂದಿಯ ವಿವರಗಳನ್ನು ಪರಿಶೀಲಿಸಿದರು. ಅವರ ಮನಸ್ಸು ಎಷ್ಟು ಗಟ್ಟಿಯಾಗಿತ್ತು ಎಂಬುದಕ್ಕೂ ಎಷ್ಟು ಕಾಲ ಬದುಕಿದರು ಎಂಬುದಕ್ಕೂ ಯಾವ ನಂಟೂ ಕಾಣಲಿಲ್ಲ. ಮನಸ್ಸು ಹಗುರವಾಗಿದ್ದರೆ ದಿನಗಳು ಹಗುರವಾಗುತ್ತವೆ, ಅದು ದೊಡ್ಡ ಲಾಭವೇ. ಆದರೆ ಅತ್ತುಬಿಟ್ಟರೆ ಕ್ಯಾನ್ಸರ್ ಹೆಚ್ಚಾಗುತ್ತದೆ ಎಂದು ಹೆದರಿಸಿ, ರೋಗಿಯ ಮುಖದ ಮೇಲೆ ಸದಾ ನಗು ಬಯಸುವುದು ಹಿಂಸೆ. ಪುಟ್ಟ ಮಗನ ಎದುರು ಅಳಲಾಗದ ತಂದೆಗೆ ಹೆಂಡತಿಯ ಎದುರಾದರೂ ಅಳುವ ಅವಕಾಶ ಬೇಡವೇ?

ಹಾಗಾದರೆ ಕುಟುಂಬದಿಂದ ಏನೂ ಆಗುವುದಿಲ್ಲವೇ? ಆಗುತ್ತದೆ, ಬಹಳ ಆಗುತ್ತದೆ. ಅದು ಹೇಗೆ ಎಂಬುದನ್ನೇ ಈ ಹೊಗಳಿಕೆಯ ಮಾತು ಮುಚ್ಚಿಹಾಕುತ್ತದೆ. 2013ರಲ್ಲಿ ಅಮೆರಿಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಕ್ಯಾನ್ಸರ್ ರೋಗಿಗಳ ದಾಖಲೆಗಳ ಮೇಲೆ ನಡೆದ ಅಧ್ಯಯನದಲ್ಲಿ, ಮದುವೆಯಾಗಿ ಸಂಗಾತಿಯಿದ್ದವರು ಕ್ಯಾನ್ಸರ್‌ನಿಂದ ಸಾಯುವ ಸಂಭವ ಉಳಿದವರಿಗಿಂತ ನೂರಕ್ಕೆ ಇಪ್ಪತ್ತರಷ್ಟು ಕಡಿಮೆ ಇತ್ತು. ಅವರು ಕಾಯಿಲೆ ಹರಡುವ ಮೊದಲೇ ಆಸ್ಪತ್ರೆಗೆ ಬಂದಿದ್ದರು, ಕೊಡಬೇಕಾದ ಚಿಕಿತ್ಸೆ ಅವರಿಗೆ ಸಿಕ್ಕಿತ್ತು. ಅಂದರೆ ಪ್ರೀತಿ ಕೆಲಸ ಮಾಡುವುದು ಕೈಕಾಲುಗಳ ಮೂಲಕ. ‘ಯಾಕೆ ಇಷ್ಟು ಸೊರಗಿದ್ದೀ, ನಡಿ ತೋರಿಸೋಣ’ ಎಂದು ಎಳೆದುಕೊಂಡು ಹೋಗುವ ಹೆಂಡತಿ, ಕಾರ್ಡು ಫೈಲು ಹಿಡಿದು ಬೆಳಗಿನ ಸಾಲಿನಲ್ಲಿ ನಿಲ್ಲುವ ತಮ್ಮ, ರಾತ್ರಿ ಊಟವಾದ ಮೇಲೆ ಗುಳಿಗೆಯ ಪಟ್ಟಿಯನ್ನು ತಟ್ಟೆಯ ಪಕ್ಕದಲ್ಲೇ ಇಡುವ ತಾಯಿ. ಗೆಳೆಯರ ವಿಷಯವೂ ಅಷ್ಟೇ. ಬೇರೆ ಬಗೆಯ ರಕ್ತ ಕ್ಯಾನ್ಸರ್‌ಗಳಲ್ಲಿ ಕೀಮೋ ನಡೆಯುವಾಗ ಪ್ಲೇಟ್‌ಲೆಟ್ ಬೇಕಾಗುತ್ತದೆ. ಅದನ್ನು ಸಾಮಾನ್ಯವಾಗಿ ಐದು ದಿನಕ್ಕಿಂತ ಹೆಚ್ಚು ಇಡಲಾಗುವುದಿಲ್ಲ, ಆದ್ದರಿಂದ ದಾನಿಗಳು ಮತ್ತೆ ಮತ್ತೆ ಬರಬೇಕು. ಹಣ್ಣಿನ ಬುಟ್ಟಿ ಹಿಡಿದು ಹತ್ತು ಜನ ವಾರ್ಡಿಗೆ ನುಗ್ಗಿದರೆ ಬಿಳಿ ಕಣ ತಗ್ಗಿರುವ ರೋಗಿಗೆ ಸೋಂಕು ತಗಲುತ್ತದೆ. ಅದೇ ಹತ್ತು ಜನ ಸರದಿಯ ಮೇಲೆ ಬಂದು ತೋಳು ಚಾಚಿದರೆ ಜೀವ ಉಳಿಯುತ್ತದೆ. ಕೀಮೋ ಆದವರಿಗೆ ರಾತ್ರಿ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಆಗ ಬೇಕಾಗಿರುವುದು ಸ್ಕೂಟರೋ ಆಟೋವೋ ಇರುವ ಒಬ್ಬ ಗೆಳೆಯ.

ಹೊಣೆ ಹೊರಬೇಕಾದವರ ಮಾತು ಉಳಿಯಿತು. ‘ಎಲ್ಲರೂ ಕೈಜೋಡಿಸಿದರು, ಹಣ ಕೂಡಿತು’ ಎಂಬ ಕತೆಗಳನ್ನು ಓದುವಾಗ ನನಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬರುತ್ತದೆ. ಕಾರ್ಖಾನೆಯ ಗೆಳೆಯರು ಚಂದಾ ಎತ್ತಿ ಕೊಟ್ಟ ಐವತ್ತು ಸಾವಿರ ಅಪಘಾತಕ್ಕೆ ಸಾಕಾಗಬಹುದು. ವರ್ಷಗಟ್ಟಲೆ ನಡೆಯುವ ಚಿಕಿತ್ಸೆಗೆ ಎಷ್ಟು ಸಲ ಚಂದಾ ಎತ್ತುವುದು? ಅದೇ ಕೆಲಸಗಾರನ ಸಂಬಳದಿಂದ ತಿಂಗಳು ತಿಂಗಳೂ ಇಎಸ್‌ಐಗೆ ಹಣ ಕಡಿತವಾಗುತ್ತಿದೆ ಎಂಬುದನ್ನು ಆ ಕತೆಯಲ್ಲಿ ಯಾರೂ ಬರೆಯುವುದಿಲ್ಲ. 1944ರಲ್ಲಿ ಬಿ.ಪಿ. ಅದಾರ್ಕರ್ ಕೊಟ್ಟ ವರದಿಯ ಆಧಾರದ ಮೇಲೆ 1948ರಲ್ಲಿ ಕಾಯ್ದೆ ಬಂತು. 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಯೋಜನೆ ಆರಂಭವಾಯಿತು. 2019ರ ಜುಲೈಯಿಂದ ಕೆಲಸಗಾರನ ಪಾಲು ಸಂಬಳದ ಶೇ 0.75, ಮಾಲೀಕನ ಪಾಲು ಶೇ 3.25. ಇಪ್ಪತ್ತು ಸಾವಿರ ಸಂಬಳಕ್ಕೆ 150 ಮತ್ತು 650 ರೂಪಾಯಿ. ಇದಕ್ಕೆ ಬದಲಾಗಿ ಅವನಿಗೂ ಅವನ ಮನೆಯವರಿಗೂ ಚಿಕಿತ್ಸೆ ಸಿಗಬೇಕು. ಕಾಯಿಲೆಯಲ್ಲಿ ವರ್ಷಕ್ಕೆ 91 ದಿನದವರೆಗೆ ಶೇ 70ರಷ್ಟು ಸಂಬಳ ಸಿಗಬೇಕು. ಕ್ಯಾನ್ಸರಿನಂಥ ದೀರ್ಘ ಕಾಯಿಲೆಯಾದರೆ, ಅರ್ಹತೆ ಇದ್ದವರಿಗೆ ಎರಡು ವರ್ಷದವರೆಗೆ ಶೇ 80ರಷ್ಟು. ಕಾಯಿಲೆಯ ಭತ್ಯೆ ಪಡೆಯುತ್ತಿರುವವನನ್ನು ಮಾಲೀಕ ಕೆಲಸದಿಂದ ತೆಗೆಯುವಂತಿಲ್ಲ ಎಂದು 1948ರ ಕಾಯ್ದೆಯ 73ನೇ ಕಲಮಿನಲ್ಲಿಯೇ ಬರೆದಿತ್ತು. ಇದು ಭಿಕ್ಷೆಯಲ್ಲ, ದುಡಿದವನ ಹಣ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಲ್ಲಿ ಅಕ್ಷರಶಃ ನಡೆಯುತ್ತದೆ. ಗುತ್ತಿಗೆದಾರ ಸಂಬಳದಲ್ಲಿ ಹಣ ಮುರಿದುಕೊಂಡು ಕಟ್ಟಿರುವುದಿಲ್ಲ. ಕಾಯಿಲೆಯಿಂದ ರಜೆ ಬಿದ್ದು ಕಟ್ಟಿದ ದಿನಗಳು ಕಡಿಮೆಯಾಗಿ ಅರ್ಹತೆಯೇ ತಪ್ಪುತ್ತದೆ. 2017ರ ಜನವರಿಯಿಂದ ನಿಗದಿಯಾದ 21,000 ರೂಪಾಯಿಯ ಸಂಬಳದ ಮಿತಿಯನ್ನು ಸಣ್ಣ ಬಡ್ತಿಯೊಂದು ದಾಟಿಸಿದರೆ ಆತ ಯೋಜನೆಯಿಂದಲೇ ಹೊರಗೆ. ಔಷಧ ಬಂದಿಲ್ಲ, ಮುಂದಿನ ವಾರ ಬಾ ಎನ್ನುತ್ತಾರೆ. ಸಿಎಂಎಲ್ ರೋಗಿಗೆ ಒಂದು ವಾರ ಗುಳಿಗೆ ತಪ್ಪುವುದೆಂದರೆ ಏನೆಂದು ಮೇಲೆ ಹೇಳಿದ್ದೇನೆ. ಇವುಗಳಲ್ಲಿ ಒಂದೊಂದಕ್ಕೂ ಒಬ್ಬ ಹೊಣೆಗಾರನಿದ್ದಾನೆ, ಒಂದು ಕಚೇರಿಯಿದೆ, ಒಂದು ಅರ್ಜಿಯಿದೆ. ಆದರೆ ಸಮಾಜವೆಲ್ಲ ‘ನಿನ್ನ ಮನೆಯವರು ಗಟ್ಟಿ, ದೇವರಿದ್ದಾನೆ’ ಎಂದಾಗ, ಜಗಳ ಮಾಡಬೇಕಾದ ಕುಟುಂಬ ಕೈಮುಗಿದು ಮನೆಗೆ ಬರುತ್ತದೆ, ಬಡ್ಡಿಯ ಸಾಲ ಎತ್ತುತ್ತದೆ. ಸರ್ಕಾರವೇ ಹೊರತರುವ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ 2021-22ರಲ್ಲಿಯೂ ಈ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ 39.4ರಷ್ಟನ್ನು ಜನ ತಮ್ಮ ಜೇಬಿನಿಂದಲೇ ತೆತ್ತರು. ಮನೆಯವರ ಪ್ರೀತಿ ಎಂದು ನಾವು ಕೊಂಡಾಡುವುದರಲ್ಲಿ ದೊಡ್ಡ ಪಾಲು ಮಾರಿದ ಬಂಗಾರ, ಅಡವಿಟ್ಟ ಹೊಲ.

ಪ್ರಾರ್ಥಿಸುವವರನ್ನು ನಾನು ಹೀಯಾಳಿಸುತ್ತಿಲ್ಲ. ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ರಾತ್ರಿ ಕಳೆಯಲು ಮನುಷ್ಯನಿಗೆ ಏನಾದರೂ ಬೇಕು. ಎಷ್ಟೋ ಜನರಿಗೆ ಅದು ಯಲ್ಲಮ್ಮ, ಎಷ್ಟೋ ಜನರಿಗೆ ಮೇರಿಮಾತೆ, ಎಷ್ಟೋ ಜನರಿಗೆ ನಮಾಜು. ಆ ನೆಮ್ಮದಿಯನ್ನು ಕಿತ್ತುಕೊಳ್ಳುವ ಹಕ್ಕು ನನಗಿಲ್ಲ. ಆದರೆ ನೆಮ್ಮದಿ ಕೊಡುವುದನ್ನು ಗುಣಪಡಿಸುವುದು ಎಂದು ಸಾರಬಾರದು. ‘ನಂಬಿದರೆ ನಷ್ಟವೇನು?’ ಎಂದು ಕೇಳುವವರಿಗೆ ನಷ್ಟವನ್ನು ತೋರಿಸಿದ್ದೇನೆ: ನಿಲ್ಲಿಸಿದ ಗುಳಿಗೆ, ನಿಂದೆಗೆ ಗುರಿಯಾದ ವಿಧವೆ, ಕೇಳದೇ ಉಳಿದ ಭತ್ಯೆ.

ನಿಮ್ಮ ಪರಿಚಯದ ಮನೆಯಲ್ಲಿ ಇಂಥ ಕಾಯಿಲೆ ಬಂದರೆ ಪ್ರಾರ್ಥನೆ ಮಾಡುವವರು ಮಾಡಿ. ಅದರ ಜೊತೆಗೆ ಆ ಮನೆಗೆ ಹೋಗಿ ಗುಳಿಗೆ ಇನ್ನೆಷ್ಟು ದಿನಕ್ಕೆ ಇದೆ ಎಂದು ಕೇಳಿ. ಇಎಸ್‌ಐ ನಂಬರು ಚಾಲ್ತಿಯಲ್ಲಿದೆಯೇ, ಗುತ್ತಿಗೆದಾರ ಹಣ ಕಟ್ಟಿದ್ದಾನೆಯೇ, ದೀರ್ಘ ಕಾಯಿಲೆಯ ಭತ್ಯೆಗೆ ಅರ್ಜಿ ಹಾಕಿದ್ದಾರೆಯೇ ಎಂದು ಕೇಳಿ. ಹಾಕಿಲ್ಲವಾದರೆ ಮರುದಿನ ಬೆಳಿಗ್ಗೆ ಅವರೊಂದಿಗೆ ಕಚೇರಿಗೆ ನಡೆಯಿರಿ, ಅರ್ಜಿ ತೆಗೆದುಕೊಳ್ಳುವವರೆಗೆ ಅಲ್ಲಿಂದ ಏಳಬೇಡಿ.